ಸೂಜಿಗಲ್ಲಮ್ಮನ ಕೈ ದಾಟಿ ಕಡಲಿಗೆ

ಬೆಳಗಿನ ಆರು ಗಂಟೆ. ಬಂದರಿನ ಧಕ್ಕೆಯಿಂದ ಹಡಗಿಗೆ ಹಾಕಿದ ಹಲಗೆಯ ಬುಡದಲ್ಲಿ ಮರದ ಮೇಜಿಟ್ಟುಕೊಂಡು ಹೆಂಗಸೊಬ್ಬರು ನಿಂತಿದ್ದಾರೆ. ಕೈಯಲ್ಲಿ ದಾರಕ್ಕೆ ಕಟ್ಟಿದ ಅಯಸ್ಕಾಂತ. ಹಡಗು ಹತ್ತುವವರ ಚೀಲ, ಬೂಟು, ಅಡುಗೆಯವನ ಸೌಟು, ಎಲ್ಲದರ ಮೇಲೂ ಅದನ್ನು ಆಡಿಸುತ್ತಾರೆ. ದಾರ ಚೂರು ವಾಲಿದರೂ ಸಾಕು, ಆ ವಸ್ತು ಕೆಳಗೇ ಉಳಿಯುತ್ತದೆ.

"ಹೋದ ವಾರಾನೂ ಇದೇ ಬೆಲ್ಟು ತಂದಿದ್ಯಲ್ಲಪ್ಪಾ. ಬಿಚ್ಚಿಡು. ಪ್ಯಾಂಟು ಜಾರಿದ್ರೆ ಕೈಲಿ ಹಿಡ್ಕೊಂಡು ಓಡಾಡು," ಎಂದು ನಾವಿಕನೊಬ್ಬನನ್ನು ಗದರುತ್ತಾರೆ. ಅವನ ಹಿಂದೆ ನಿಂತ ಕ್ಯಾಪ್ಟನ್ ತೆಪ್ಪಗೆ ತಮ್ಮ ಗಡಿಯಾರ ಬಿಚ್ಚುತ್ತಾರೆ. ಐವತ್ತೆರಡರ ಈ ಹೆಂಗಸನ್ನು ಧಕ್ಕೆಯ ಮಂದಿಯೆಲ್ಲ ಕರೆಯುವುದು ಸೂಜಿಗಲ್ಲಮ್ಮ ಎಂದೇ.

ಹಡಗುಗಳನ್ನು ಒಡೆಯಲೆಂದು ಕಡಲಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳನ್ನು, ಅಂದರೆ ಮೈನ್‌ಗಳನ್ನು ಹುಡುಕುವುದು ಈ ಹಡಗಿನ ಕೆಲಸ. ಕೆಲವು ಮೈನ್‌ಗಳು ಹತ್ತಿರ ಸುಳಿದ ಕಬ್ಬಿಣದ ಸುಳಿವು ಹಿಡಿದೇ ಸಿಡಿಯುತ್ತವೆ. ಅದಕ್ಕೇ ಹಡಗಿನ ಒಡಲು ಗಾಜಿನ ನಾರಿನದು, ಎಂಜಿನ್ನು ಅಯಸ್ಕಾಂತಕ್ಕೆ ಅಂಟದ ಲೋಹದ್ದು. ಶಬ್ದದ ಅಲೆ ಕಳಿಸಿ ತಳವನ್ನು ಜಾಲಾಡುವ ಸೋನಾರ್ ಇದೆ, ತಂತಿ ಕಟ್ಟಿ ಇಳಿಸುವ ಯಂತ್ರವಿದೆ. ಅದಕ್ಕೂ ಬಗ್ಗದಿದ್ದರೆ ಮುಳುಗುಗಾರರೇ ಮೈನಿನ ಮಗ್ಗುಲಿಗೆ ಹೋಗಬೇಕು. ಅವರ ಜೇಬಿನಲ್ಲಿ ಕಬ್ಬಿಣದ ಚಾಕು ಉಳಿದರೆ ಕಥೆ ಮುಗಿದಂತೆ. ದಿನಕ್ಕೆ ಮುನ್ನೂರು ವಸ್ತುಗಳಾದರೂ ಸೂಜಿಗಲ್ಲಮ್ಮನ ಕೈ ಹಾಯುತ್ತವೆ.

ಅವರ ಗಂಡನೂ ಮುಳುಗುಗಾರ. ಹನ್ನೊಂದು ವರ್ಷದ ಹಿಂದೆ ಮೈನೊಂದರ ಬಳಿಗೆ ಇಳಿದವರು ಮರಳಲಿಲ್ಲ. ತಿಂಗಳು ತುಂಬುವ ಮೊದಲೇ ಈಕೆ ಕಚೇರಿಗೆ ಹೋಗಿ ಇದೇ ಕೆಲಸ ಬೇಕೆಂದು ಕೇಳಿದರು. ಯಾಕೆ ಇದೇ ಬೇಕಿತ್ತು ಎಂದು, ಪತ್ರಿಕೆಗೆ ಬರೆಯಲು ಬಂದಿದ್ದ ನಾನು ಕೇಳಿದೆ. ಅವರು ಅಯಸ್ಕಾಂತವನ್ನು ಮೇಜಿನ ಮೇಲಿಟ್ಟರು.

"ಹಿಂದಿನ ಸಂಜೆ ಅವ್ರ ಒಳಅಂಗಿ ಕೊಕ್ಕೆ ಕಿತ್ತುಹೋಗಿತ್ತು. ಹಿತ್ತಾಳೇದು ಸಿಗ್ಲಿಲ್ಲ. ನನ್ನ ಹಳೇ ಕೋಟಿಂದು ಬಿಚ್ಚಿ ಹೊಲಿದುಬಿಟ್ಟೆ. ಕಬ್ಬಿಣದ್ದು. ಗೊತ್ತಿರ್ಲಿಲ್ಲ ಅನ್ನೋ ಹಾಗಿಲ್ಲ, ಮದುವೆ ಆದಾಗಿಂದ ಹೇಳ್ತಾನೇ ಇದ್ರು. ಇಷ್ಟೇ ಇಷ್ಟು ಕೊಕ್ಕೆ ಏನ್ಮಾಡುತ್ತೆ ಅಂದ್ಕೊಂಡೆ."

ಅಧಿಕಾರಿಯ ಮುಂದೆ ಎಲ್ಲವನ್ನೂ ಹೇಳಿಕೊಂಡರಂತೆ. ಮೈನೇ ತುಕ್ಕು ಹಿಡಿದಿತ್ತು, ಕೊಕ್ಕೆಯಿಂದ ಆಗಿರಲಾರದು ಎಂದು ಅವರು ಸಮಾಧಾನ ಮಾಡಿ ಕಳಿಸಿದರು. "ಆಗಿರಲಾರದು ಅಂದ್ರು. ಆಗಿಲ್ಲ ಅನ್ನಲಿಲ್ಲ," ಎನ್ನುತ್ತಾರೆ ಸೂಜಿಗಲ್ಲಮ್ಮ. ಬರೆದುಕೊಳ್ಳುತ್ತಿದ್ದ ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಸಾಲಿನ ಕೊನೆಯಲ್ಲಿ ಅವರ ಮಗಳು. ಇಪ್ಪತ್ತೈದರ ಹುಡುಗಿ, ಈ ಹಡಗಿನ ಹೊಸ ಮುಳುಗುಗಾರ್ತಿ. ಇಂದು ಮೊದಲ ಬಾರಿ ಮೈನಿನ ಬಳಿಗೆ ಇಳಿಯುತ್ತಾಳೆ. ತಾಯಿ ಅವಳ ತೋಳೆತ್ತಿಸಿ, ಕಾಲರು, ಹೊಲಿಗೆ, ಅಂಚು ಎಲ್ಲವನ್ನೂ ನೋಡಿ, ಮತ್ತೆ ಮೊದಲಿಂದ ಶುರುಮಾಡುತ್ತಾರೆ.

"ಅಮ್ಮಾ, ಮೇಲೆ ಎಲ್ರೂ ಕಾಯ್ತಿದಾರೆ."

"ಕಾಯ್ಲಿ."

"ನಮ್ಮಮ್ಮನ್ನ ದಾಟಿ ಬಂದೋರ್ನ ಕಂಡ್ರೆ ಮೈನೂ ಹೆದರ್ಕೊಳ್ಳುತ್ತೆ," ಎಂದು ನನ್ನತ್ತ ನಕ್ಕು ಅವಳು ಹಲಗೆ ಹತ್ತುತ್ತಾಳೆ. ಕೊಕ್ಕೆಯ ವಿಷಯ ಅವಳಿಗೆ ಗೊತ್ತಿಲ್ಲ. ಹಾಗಾಗಿ ಅದನ್ನು ಬರೆಯುವುದಿಲ್ಲ ಎಂದು ತಾಯಿಗೆ ಮಾತು ಕೊಡಲು ಹೋದೆ. ಅವರು ಅಡ್ಡಡ್ಡ ತಲೆಯಾಡಿಸಿದರು.

"ಬಿಡ್ಬೇಡಿ, ಬರೀರಿ. ಹನ್ನೊಂದು ವರ್ಷದಿಂದ ಬಾಯಿವರೆಗೂ ಬಂದಿದ್ದನ್ನ ನುಂಗ್ತಾ ಇದೀನಿ. ಭಾನುವಾರದ ಪೇಪರ್ನ ಅವಳು ಒಂದಕ್ಷರ ಬಿಡದೆ ಓದ್ತಾಳೆ. ಓದಿದ ಮೇಲೂ ಸೋಮವಾರ ನನ್ ಮುಂದೆ ಬಂದು ತೋಳೆತ್ತಿ ನಿಂತ್ರೆ, ನನಗಷ್ಟು ಸಾಕು."