ದೋಣಿ ಹುಡುಗಿ ಸಿನಿಮಾ ಆದಳು

ಸುದ್ದಿ ಗೊತ್ತಾಗಿದ್ದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ, ಮುದ್ದೆ ಮುರಿಯುತ್ತಾ ಫೋನ್ ನೋಡುತ್ತಿದ್ದಾಗ. ನಾನು ಜೀವದ ಹಾಗೆ ಇಟ್ಟುಕೊಂಡಿದ್ದ ಜಪಾನಿನ ಒಂದು ಅನಿಮೆಯನ್ನು, ಅಂದರೆ ಅವರು ಚಿತ್ರ ಬರೆದು ಬರೆದು ಓಡಾಡಿಸುವ ಕಥೆಯನ್ನು, ನಿಜವಾದ ನಟನಟಿಯರನ್ನು ಹಾಕಿ ಸಿನಿಮಾ ಮಾಡಿದ್ದರು. ಸಾಲದ್ದಕ್ಕೆ ಅದು ಕನ್ನಡದಲ್ಲೂ ಮಾತಾಡುತ್ತದಂತೆ. ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿ ಕೂತ ಹುಡುಗಿಗೆ ಫೋನ್ ತೋರಿಸಿ, "ನೋಡಿಲ್ಲಿ, ಎಂಥಾ ಕೆಲಸ ಮಾಡಿದ್ದಾರೆ" ಎಂದೆ. ಅವಳು ನೋಡಿ, "ಚೆನ್ನಾಗವ್ಳಲ್ಲ ಮೇಡಂ ಹೀರೋಯಿನ್ನು" ಎಂದು ಮತ್ತಷ್ಟು ಸಾರು ಬಿಟ್ಟುಕೊಂಡಳು. ತಾಂಡ್ಯ ಇಂಡಸ್ಟ್ರಿಯಲ್ ಏರಿಯಾದ ಆ ಫ್ಯಾಕ್ಟರಿ ಹಾಗಿರಲಿ, ಇಡೀ ನಂಜನಗೂಡಿನಲ್ಲಿ ನನ್ನ ಸಿಟ್ಟು ಏನಕ್ಕೆ ಎಂದು ತಿಳಿಯುವವರು ಯಾರೂ ಇರಲಿಲ್ಲ. ತಿಳಿಯುವವಳು ಒಬ್ಬಳಿದ್ದಳು. ಅವಳು ಮದುವೆಯಾಗಿ ಟಿ. ನರಸೀಪುರ ಸೇರಿದ್ದಳು.

ಅವಳು ಹತ್ತಿರದ ಹದಿನಾರು ಎಂಬ ಹಳ್ಳಿಯವಳು, ನಮ್ಮಲ್ಲಿ ಪ್ಯಾಕಿಂಗ್ ಸೆಕ್ಷನ್ನಿಗೆ ಬಂದಿದ್ದಳು. ಶಿಫ್ಟು ಬಿಡುವ ಹೊತ್ತಿಗೆ ಊರಿನ ಬಸ್ಸು ಸಿಗುವುದಿಲ್ಲವೆಂದು ನನ್ನ ಬಾಡಿಗೆ ರೂಮಿಗೆ ಬಂದು ಸೇರಿಕೊಂಡಳು. ನಾನು ತಲಕಾಡಿನ ಮೇಷ್ಟರ ಮಗಳು, ವಯಸ್ಸಿನಲ್ಲಿ ಅವಳಿಗಿಂತ ಬಹಳ ದೊಡ್ಡವಳು, ಮದುವೆ ಇಲ್ಲ, ಬಾಯಿ ಜೋರು. ಅವಳಿಗಿಂತ ಮೊದಲು ರೂಮಿಗೆ ಬಂದವರೆಲ್ಲ ತಿಂಗಳು ತುಂಬುವುದರೊಳಗೆ ಗಂಟುಮೂಟೆ ಕಟ್ಟಿದ್ದರು. ಇವಳು ನಾನು ಬೈದಷ್ಟೂ ನಗುತ್ತಿದ್ದಳು. ನಗುವವರ ಜೊತೆ ಜಗಳ ಆಡುವುದು ಹೇಗೆ? ಉಳಿದುಕೊಂಡಳು.

ಆ ಅನಿಮೆಯಲ್ಲಿ ಒಬ್ಬ ಹುಡುಗಿ ಹೊಳೆ ದಾಟಿಸುವ ದೋಣಿ ನಡೆಸುತ್ತಾಳೆ. ಎಲ್ಲಿಂದಲೋ ಬಂದ ಮಾತಾಡುವ ನೀರುನಾಯಿಯೊಂದು ಅವಳ ದೋಣಿಯಲ್ಲೇ ಠಿಕಾಣಿ ಹೂಡುತ್ತದೆ. ಅಷ್ಟೇ ಕಥೆ. ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಇವಳು ಕನ್ನಡ ಮೀಡಿಯಂ. ಒಂದು ಪದ ಕೂಡಿಸಿಕೊಳ್ಳುವಷ್ಟರಲ್ಲಿ ಸಾಲು ಮಾಯವಾಗುತ್ತಿತ್ತು. "ಏನಂತೆ ಅಕ್ಕ, ಏನಂತೆ?" ಎಂದು ಪ್ರಾಣ ತಿನ್ನುತ್ತಿದ್ದಳು. ತಡೆಯಲಾರದೆ ನಾನೇ ಕನ್ನಡದಲ್ಲಿ ಹೇಳತೊಡಗಿದೆ. ಮೊದಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ಚಟ ಹತ್ತಿತು. ಕೆಳಗೆ ಹಸಿವು ಎಂಬ ಒಂದೇ ಪದವಿದ್ದರೆ ನನ್ನ ನೀರುನಾಯಿ, "ಒಟ್ಟೆ ಚುರ್ ಅಂತಾ ಅದೆ ಕಣವ್ವ, ಒಂದ್ ಮೀನಾದ್ರೂ ಬಿಸಾಕು" ಅನ್ನುತ್ತಿತ್ತು. "ನಮ್ಮಳ್ಳಿ ಮಾತ್ನೇ ಅಣಕಿಸ್ತೀಯಾ ಅಕ್ಕ" ಎಂದು ಅವಳು ದಿಂಬಿನಲ್ಲಿ ಬಡಿಯುವಳು. ಬಡಿದಾದ ಮೇಲೆ, "ಇನ್ನೊಂದ್ಸಲ ಏಳು" ಅನ್ನುವಳು; ಅವಳ ಹಳ್ಳಿಯ ಮಾತಿನಲ್ಲಿ ಹಕಾರವೇ ಇಲ್ಲ. ನನಗೆ ಬೈಯಲು ಚೆನ್ನಾಗಿ ಬರುತ್ತದೆ. ನೀನು ಇದ್ದರೆ ನನಗೆ ಚೆಂದ ಎನ್ನುವಂಥ ಮಾತಿಗೆ ಮಾತ್ರ ನಾಲಿಗೆ ಏಳುವುದಿಲ್ಲ. ದೋಣಿ ಹುಡುಗಿಯ ಬಾಯಲ್ಲಾದರೆ ಅದನ್ನೂ ಹೇಳಬಹುದಾಗಿತ್ತು, ಹೇಳುತ್ತಿದ್ದೆ.

"ಇದ್ನ ಯಾರಾರ ಜನ ಆಕಿ ಸಿನಿಮಾ ಮಾಡ್ಬುಟ್ರೆ ಕೆಡ್ತು ಕಣಕ್ಕ" ಎಂದು ಒಂದು ದಿನ ಅವಳೇ ಅಂದಿದ್ದಳು. ಯಾಕೆ ಎಂದದ್ದಕ್ಕೆ ತನ್ನ ದೊಡ್ಡಪ್ಪನ ಕಥೆ ಹೇಳಿದಳು. ಊರ ನಾಟಕದಲ್ಲಿ ಆತ ಶಿವನ ಪಾರ್ಟು ಮಾಡಿದ್ದನಂತೆ. ಮೀಸೆ ಬೋಳಿಸಲು ಸುತರಾಂ ಒಪ್ಪಲಿಲ್ಲ. "ಅವತ್ನಿಂದ ನಂಜುಂಡೇಶ್ವರನ್ ಮುಂದೆ ನಿಂತ್ಕಂಡು ಕಣ್ ಮುಚ್ಚುದ್ರೆ ದೊಡ್ಡಪ್ಪನ್ ಮೀಸೆನೇ ಬತ್ತದೆ. ಕೈ ಮುಗಿಯಕ್ಕೇ ನಗ ಬತ್ತದೆ." ಅವತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಿನಿಮಾದ ಸುದ್ದಿ ಓದಿದ ಮೇಲೆ ನನಗೆ ಆ ನಗು ಬರಲಿಲ್ಲ. ಯಾವಳೋ ಒಬ್ಬಳು ಮೇಕಪ್ ಹಾಕಿಕೊಂಡು ಬಂದು ನಮ್ಮ ಹುಡುಗಿಯ ಮುಖದ ಮೇಲೆ ಕೂತುಬಿಟ್ಟರೆ ಇಳಿಸುವವರು ಯಾರು?

ಮದುವೆಯಾದ ಮೇಲೆ ಮೊದಲು ದಿನವೂ ಫೋನ್ ಮಾಡುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ ಆಯಿತು. ಆಮೇಲೆ ನಾನೇ ಮಾಡಿದರೂ, "ಅಕ್ಕ, ಅತ್ತೆ ಕರೀತಾವ್ರೆ, ಆಮೇಲ್ ಮಾಡ್ತೀನಿ." ಆ ಆಮೇಲೆ ಬರುತ್ತಿರಲಿಲ್ಲ. ತಪ್ಪು ಅವಳದಲ್ಲ, ಸಂಸಾರ ಎಂದರೆ ಹಾಗೇ. ಆದರೂ ಸಂಕಟವಾಗುತ್ತಿತ್ತು. ಒಬ್ಬಳಿಗೆ ಅಡುಗೆ ಮಾಡುವುದು ಎಷ್ಟು ಬೇಜಾರು ಎಂದು ಮಾಡಿದವರಿಗೇ ಗೊತ್ತು. ಒಮ್ಮೆ ಒಬ್ಬಳೇ ಆ ಅನಿಮೆ ಹಾಕಿಕೊಂಡು ಕೂತೆ. ಅಭ್ಯಾಸಬಲದಿಂದ ಬಾಯಿ ತಾನಾಗಿ ಕನ್ನಡದಲ್ಲಿ ಹೇಳತೊಡಗಿತು. ಖಾಲಿ ರೂಮಿನಲ್ಲಿ ನನ್ನ ದನಿ ನನಗೇ ಕೇಳಿಸಿ ಗಾಬರಿಯಾಗಿ ಆರಿಸಿಬಿಟ್ಟೆ.

ಸಿನಿಮಾ ಓಟಿಟಿಯಲ್ಲಿ ಬಂದ ವಾರ ಅವಳೇ ಫೋನ್ ಮಾಡಿದಳು. "ಅಕ್ಕ, ನಮ್ ದೋಣಿ ಉಡುಗಿ ಬಂದವ್ಳೆ, ನೋಡುದ್ಯಾ? ನಮ್ಮನೇಲಿ ದೊಡ್ ಟೀವಿ ತಂದವ್ರೆ. ಭಾನ್ವಾರ ಬಾ, ಜೊತೇಲೇ ನೋಡ್ಮ." ನಾನು ಅಂಥದ್ದನ್ನೆಲ್ಲ ನೋಡುವವಳಲ್ಲ ಎಂದು ಬಿಗುಮಾನ ಮಾಡಿದೆ. ಭಾನುವಾರ ಬೆಳಿಗ್ಗೆ ಹಣ್ಣು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆ ಶುರುವಾಯಿತು. ನಟಿಯ ಮೂಗು ಹೇಗಿದೆಯೋ, ಕೂದಲು ಹೇಗಿದೆಯೋ ಎಂದು ಬೇಕೆಂದೇ ಯೋಚಿಸಿದೆ. ಹೆದರಿಕೆ ಅದರದ್ದಾಗಿರಲಿಲ್ಲ. ಅವಳಿಗೆ ಈಗ ಗಂಡ, ಅತ್ತೆ, ಮನೆ ಎಲ್ಲ ಇವೆ. ನನ್ನದೆಂದು ಅವಳಲ್ಲಿ ಉಳಿದಿರುವುದು ಆ ಕಥೆಯೊಂದೇ, ಅದೂ ನನ್ನ ದನಿಯಲ್ಲಿ. ಇವತ್ತು ಅದು ಯಾರದೋ ದನಿಯಲ್ಲಿ, ಒಳ್ಳೆ ಕನ್ನಡದಲ್ಲಿ, ಅಚ್ಚುಕಟ್ಟಾಗಿ ಅವಳ ಕಿವಿಗೆ ಬಿದ್ದರೆ ನಾನು ಹೇಳಿದ್ದೆಲ್ಲ ಸುಮ್ಮನೆ ಒಂದು ತಮಾಷೆ ಆಗಿಹೋಗುತ್ತದೆ. ಆಮೇಲೆ ಅವಳು ನನಗೆ ಫೋನ್ ಮಾಡುವುದಾದರೂ ಏತಕ್ಕೆ? ನರಸೀಪುರ ಬರುವವರೆಗೂ ಇದನ್ನೇ ಮೆಲುಕು ಹಾಕಿದೆ.

ಅವಳ ಅತ್ತೆ ಒಳ್ಳೆಯ ಹೆಂಗಸು. "ಬಾ ಮಗ, ಎಷ್ಟ್ ಸೊರಗೋಗಿದ್ದೀಯೆ" ಎಂದು ಕಾಫಿ ಕೊಟ್ಟರು. ಎಲ್ಲರೂ ಟೀವಿ ಮುಂದೆ ಕೂತೆವು. ನಾನು ಹೆದರಿದ್ದಕ್ಕಿಂತ ಕೆಟ್ಟದಾಗಿತ್ತು. ಅನಿಮೆಯ ಹುಡುಗಿ ದೋಣಿಗೆ ಹುಟ್ಟು ಹಾಕುವಾಗ ಅವಳ ತೋಳಿನ ಆಯಾಸ ನಮ್ಮ ತೋಳಿಗೆ ಬರುತ್ತಿತ್ತು. ಈ ನಟಿಯ ಅಂಗೈಗೆ ಕೆಸರು ತಾಕಿರಲಿಲ್ಲ. ನೀರುನಾಯಿಯನ್ನು ಕಂಪ್ಯೂಟರಿನಲ್ಲಿ ಮಾಡಿ, ಒಂದೊಂದು ಕೂದಲೂ ಕಾಣುವ ಹಾಗೆ ನೆನೆಸಿದ್ದರು. ಅದು ಬಾಯಿ ಬಿಟ್ಟು ಕನ್ನಡ ಮಾತಾಡಿದಾಗ ಅತ್ತೆ, "ಅಯ್ಯೋ, ಇದ್ಯಾವ ಎಗ್ಗಣವೋ" ಅಂದರು. ಅವಳ ಗಂಡ ಗಹಗಹಿಸಿ ನಕ್ಕ. ಅವಳು ನಗಲಿಲ್ಲ. ನನ್ನ ಕಡೆಗೂ ತಿರುಗಲಿಲ್ಲ. ಸಿನಿಮಾ ಮುಗಿದಾಗ ಎದ್ದು ಸೀದಾ ಅಡುಗೆಮನೆಗೆ ಹೋದಳು. ಮುಗಿಯಿತು, ನನ್ನ ಬಣ್ಣ ಬಯಲಾಯಿತು ಅಂದುಕೊಂಡೆ. ಊಟ ಮುಗಿಸಿ ಬ್ಯಾಗು ಎತ್ತಿಕೊಂಡೆ.

ಬಸ್ಸಿಗೆ ಬಿಡಲು ಅವಳೊಬ್ಬಳೇ ಬಂದಳು. ಇಬ್ಬರೂ ಸ್ಟ್ಯಾಂಡಿಗೆ ಬಂದು ನಿಂತೆವು.

"ಆಳ್ ಮಾಡ್ಬುಟ್ಟವ್ರೆ ಕಣಕ್ಕ" ಎಂದಳು. ಮುಖ ಊದಿಕೊಂಡಿತ್ತು. "ಮೂತಿ ಎಂಗಾರ ಇರ್ಲಿ, ಒಗ್ಲಿ. ಕೊನೇಲಿ ನೀರ್‌ನಾಯಿ ಒರಡುವಾಗ ಆ ಉಡುಗಿ ಒಂದ್ ಮಾತ್ ಏಳ್ತಾಳಲ್ಲ, ಅದ್ನೇ ತೆಗ್ದಾಕವ್ರೆ. 'ಉಷಾರು' ಅಂದ್ಬುಟ್ಟು ಸುಮ್ಕಾದ್ಲು. ಅದೇ ಇಲ್ದಿದ್ಮೇಲೆ ಏನಕ್ಕ ಉಳೀತು?"

"ಯಾವ ಮಾತು?" ಎಂದೆ, ಗೊತ್ತಿದ್ದೂ.

"'ಹೋಗ್ಬೇಡ ಅನ್ನಲ್ಲ. ನೀನು ಹೋದ್ಮೇಲೆ ನಾನು ಯಾರ ಹತ್ರ ಮಾತಾಡ್ಲಿ, ಅದೊಂದು ಹೇಳ್ಬಿಟ್ಟು ಹೋಗು' ಅಂತಾಳಲ್ಲಕ್ಕ." ನನ್ನ ಮಾತಿನ ರೀತಿಯಲ್ಲೇ, ಹಕಾರ ಕೂಡ ತಪ್ಪದೆ ಹೇಳಿದಳು. "ಇಲ್ಗೆ ಬಂದ್ ಒಸ್ದುರ್ಲಿ ಅದ್ನೇ ನೆನುಸ್ಕಂಡು ಅಳ್ತಿದ್ದೆ."

ಜಪಾನಿನವರು ಬರೆದದ್ದರಲ್ಲೂ ಆ ಹುಡುಗಿ ಹುಷಾರು ಎಂದಷ್ಟೇ ಹೇಳುತ್ತಾಳೆ. ಉಳಿದದ್ದು ನನ್ನದು. ಅವಳು ರೂಮು ಬಿಡುವ ಹಿಂದಿನ ಸಂಜೆ ಕೊನೆಯ ಕಂತು ನೋಡುವಾಗ, ಅವಳ ಸೂಟ್‌ಕೇಸು ಕಾಲ ಬಳಿ ಇದ್ದಾಗ, ಪರದೆಯ ಮೇಲಿಂದ ಕಣ್ಣು ತೆಗೆಯದೆ ನಾನು ಹೇಳಿದ್ದು. ಸಿನಿಮಾದವರನ್ನು ಬೈಯುತ್ತಾ ಓಡಾಡಿದ ನಾನೇ ಅವರಿಗಿಂತ ಮೊದಲು ಆ ಕಥೆಗೆ ಕೈ ಹಾಕಿದ್ದೆ.

ನಂಜನಗೂಡಿನ ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ನನ್ನ ಬ್ಯಾಗು ಎತ್ತಿಕೊಡುತ್ತಾ ಕೇಳಿದಳು:

"ಅಕ್ಕ, ಅದ್ಕೆ ನೀರ್‌ನಾಯಿ ಏನಂತು? ಅದೊಂದ್ ಎಷ್ಟ್ ಜ್ಞಾಪಿಸ್ಕಂಡ್ರೂ ಬರ್ತಾ ಇಲ್ಲ ನಂಗೆ."

"ಏನೂ ಅನ್ಲಿಲ್ಲ ಕಣೆ" ಎಂದೆ. "ಸುಮ್ನೆ ಹೊರಟು ಹೋಯ್ತು."