ಅಪ್ಪ ಮಾಡಿದ ಬಾಣಂತನ

ನನ್ನ ಬಾಣಂತನ ಮಾಡಿದ್ದು ನಮ್ಮಪ್ಪ. ಹೀಗೆಂದರೆ ಈಗಲೂ ಎದುರಿಗಿದ್ದವರು, ನಾನೇ ಬಾಯಿತಪ್ಪಿ ಹೇಳಿದೆನೆಂದುಕೊಂಡು, ಅಮ್ಮನಾ ಎಂದು ತಿದ್ದುತ್ತಾರೆ. ಅಮ್ಮ ಅಲ್ಲ ಕಣ್ರೀ, ಅಪ್ಪ. ಪಂಚೆ ಉಟ್ಟ, ಮೀಸೆ ಬಿಟ್ಟ, ಕೊರಟಗೆರೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದ ಅಪ್ಪ. ಹೋದ ವರ್ಷ ತೀರಿಕೊಂಡ. ಜನ ಈ ಕಥೆಗೆ ಆಗಲೇ ಉಪ್ಪು ಖಾರ ಸೇರಿಸಿದ್ದಾರೆ, ಅದಕ್ಕೇ ನಾನೇ ಸರಿಯಾಗಿ ಹೇಳಿಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಮ್ಮ ಹೋದಳು. ಅಲ್ಲಿಂದಾಚೆ ಮುದ್ದೆ ತಿರುವಿದ್ದು, ಲಂಗದ ಅಂಚು ಹೊಲಿದದ್ದು, ತಲೆ ಬಾಚಿದ್ದು ಎಲ್ಲ ಅಪ್ಪನೇ. ಮೋಟಾರಿಗೆ ತಂತಿ ಸುತ್ತಿದಷ್ಟೇ ಬಿಗಿಯಾಗಿ ಜಡೆ ಹೆಣೆಯುತ್ತಿದ್ದ. ಸಂಜೆಯವರೆಗೂ ನನ್ನ ಹುಬ್ಬುಗಳು ಮೇಲೇ ಇರುತ್ತಿದ್ದವು. ಇನ್ನು ಕೈ ಅಂತೂ ಬಲು ಧಾರಾಳ. ಹಬ್ಬಕ್ಕೆ ಒಬ್ಬಟ್ಟು ತಟ್ಟಿದರೆ ಮೊದಲು ಬೀದಿಗೆ, ಆಮೇಲೆ ಅಂಗಡಿಗೆ ಬಂದ ರೈತರಿಗೆ, ಉಳಿದರೆ ನಮಗೆ. ಎಷ್ಟೋ ಸಲ ಉಳಿಯುತ್ತಲೇ ಇರಲಿಲ್ಲ. ನಾನು ಪಾತ್ರೆ ಕುಕ್ಕಿ ಜಗಳ ತೆಗೆಯುತ್ತಿದ್ದೆ, ಅವನು ನಗುತ್ತಾ ನನಗೊಂದು ಉಪ್ಪಿಟ್ಟು ಕೆದಕಿ ಕೊಡುತ್ತಿದ್ದ.

ನನ್ನನ್ನು ಶಿರಾಕ್ಕೆ ಕೊಟ್ಟರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಪಾವಗಡದ ಸೋದರತ್ತೆ ಬಂದು ಬಾಣಂತನ ಮಾಡುವುದೆಂದು ಮಾತಾಗಿತ್ತು. ನನಗೆ ಏಳು ತಿಂಗಳು ತುಂಬುವ ಹೊತ್ತಿಗೆ ಅವಳು ಕಡಲೆಕಾಯಿ ಕಣದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಫೋನಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಗೋಳಾಡಿದಳು. ನನ್ನ ಗಂಡನ ತಾಯಿ ಅಂಥ ಗಯ್ಯಾಳಿಯೇನಲ್ಲ, ಆದರೂ ಮುಖದ ಮೇಲೇ ಹೇಳಿದರು. ಹೆಂಗಸಿಲ್ಲದ ಮನೆಗೆ ಬಾಣಂತಿಯನ್ನು ಕಳಿಸುವುದುಂಟೇ, ತಾಯಿಲ್ಲದ ಮೇಲೆ ಎಲ್ಲಿಯ ತವರು, ಇಲ್ಲೇ ಇರಲಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಎಲ್ಲಿಯ ತವರು ಎಂಬುದು ಮುಳ್ಳಿನ ಹಾಗೆ ನಾಟಿತು. ಈ ಸಲ ಹೋಗದಿದ್ದರೆ ಕೊರಟಗೆರೆ ನನ್ನ ಪಾಲಿಗೆ ಬಸ್ಸು ನಿಲ್ಲುವ ಊರಷ್ಟೇ ಆಗುತ್ತದೆ ಎನ್ನಿಸಿ ಊಟ ಬಿಟ್ಟು ಕೂತೆ.

ಸುದ್ದಿ ತಿಳಿದು ಅಪ್ಪ ಬಂದ. ನಡುಮನೆಯಲ್ಲಿ ಕೂತು, ಕಾಫಿ ಲೋಟ ಕೆಳಗಿಟ್ಟು, ನನ್ನತ್ತೆಗೆ ಹೇಳಿದ.

"ಕಳ್ಸಿಕೊಡಿ ಕಣಮ್ಮ. ಬಾಣಂತನ ನಾ ಮಾಡ್ತೀನಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ಮಾತ್ರ ಕದಲಲಿಲ್ಲ. ಕೊನೆಗೆ ಅವರು ಒಂದು ಷರತ್ತು ಹಾಕಿದರು. ಮಗು ಹುಟ್ಟಿದ ಮೇಲೆ ಹೇಳದೆ ಕೇಳದೆ ಬಂದು ನೋಡುತ್ತೇನೆ, ಒಂಚೂರು ಹೆಚ್ಚುಕಮ್ಮಿ ಕಂಡರೂ ಆವತ್ತೇ ತಾಯಿ ಮಗುವನ್ನು ಶಿರಾಕ್ಕೆ ಕರೆದುಕೊಂಡು ಹೊರಡುತ್ತೇನೆ ಎಂದರು. ಅಪ್ಪ ತಲೆಯಾಡಿಸಿ ನನ್ನ ಚೀಲ ಎತ್ತಿಕೊಂಡ.

ಊರಿಗೆ ಬಂದವನೇ ತಾಲೀಮು ಶುರು ಮಾಡಿದ. ಹುಟ್ಟಿದ ಮಗು ಎಷ್ಟು ತೂಗುತ್ತದೆಂದು ನರ್ಸಮ್ಮನನ್ನು ವಿಚಾರಿಸಿ, ಅಷ್ಟೇ ತೂಕದ ಬೂದುಗುಂಬಳ ಹುಡುಕಿ ತಂದ. ಬಚ್ಚಲಲ್ಲಿ ಮಣೆ ಹಾಕಿ, ಪಂಚೆ ಮೇಲೆತ್ತಿ ಕಟ್ಟಿ, ಹೆಂಗಸರ ಹಾಗೆ ಕಾಲು ನೀಡಿ ಕೂತು, ಕಾಲುಗಳ ಮೇಲೆ ಕುಂಬಳಕಾಯಿಯನ್ನು ಬೋರಲು ಮಲಗಿಸಿದ. ಅದಕ್ಕೆ ಹೊಟ್ಟೆ ಯಾವುದು, ಬೆನ್ನು ಯಾವುದು ಅಂತ ಅವನೇ ತೀರ್ಮಾನ ಮಾಡಿದ್ದ. ಎಣ್ಣೆ ತಿಕ್ಕಿದ. ಹಂಡೆಯ ನೀರಿಗೆ ಅಂಗೈ ಅದ್ದಿ, ಹದವಾಗಿದೆ ಎಂದು ಚೊಂಬು ತುಂಬ ಸುರಿದ. ನೀರು ಅವನ ಕಾಲಿಗೆ ಬಿತ್ತು. ಸುಡುವ ನೀರು. ಅವನು ಕಾಲು ಕೊಡವಿದ್ದೇ ತಡ, ಎಣ್ಣೆ ಹಚ್ಚಿದ ಕುಂಬಳ ಜಾರಿ ಬಚ್ಚಲ ಕಲ್ಲಿಗೆ ಬಡಿದು ಹೋಳಾಯಿತು.

ಬಾಗಿಲಲ್ಲಿ ನಿಂತಿದ್ದ ನಾನು ಮೊದಲು ಬಿದ್ದು ಬಿದ್ದು ನಕ್ಕೆ. ಆಮೇಲೆ ಆ ಹೋಳುಗಳನ್ನು ನೋಡಿ ಅಳು ಬಂತು. ನನ್ನ ಮಗುವಿಗೂ ಇದೇ ಗತಿ, ನಾನು ನಾಳೆಯೇ ಶಿರಾ ಬಸ್ಸು ಹತ್ತುತ್ತೇನೆ ಎಂದು ಕೂಗಾಡಿದೆ. ಅಪ್ಪ ಮಣೆಯ ಮೇಲೇ ಸಪ್ಪಗೆ ಕೂತಿದ್ದ.

ಗದ್ದಲ ಕೇಳಿ ಪಕ್ಕದ ಮನೆಯ ಮುದುಕಿ ಬಂದರು. ಬೀದಿಯವರೆಲ್ಲ ದಾದಿಮಾ ಎನ್ನುತ್ತಿದ್ದೆವು. ಶಿರಾದ ಬಟ್ಟೆ ವ್ಯಾಪಾರದವರ ಮಗಳು, ಸೊಸೆಯಾಗಿ ಕೊರಟಗೆರೆಗೆ ಬಂದು ಬೀದಿಯ ಅರ್ಧ ಮಕ್ಕಳಿಗೆ ನೀರು ಹಾಕಿದವರು. ಹೋಗಲಿ, ನಿಮ್ಮ ಪ್ರಕಾರ ದೃಷ್ಟಿಯಾದರೂ ಹೋಯಿತಲ್ಲ ಎಂದು ಹೋಳುಗಳನ್ನು ಪಕ್ಕಕ್ಕೆ ಸರಿಸಿದರು. ಅಪ್ಪನ ಅಂಗೈ ತಿರುಗಿಸಿ ನೋಡಿದರು. ವರ್ಷಗಟ್ಟಲೆ ತಾಮ್ರದ ತಂತಿ ಎಳೆದು ದಡ್ಡುಗಟ್ಟಿದ ಕೈ.

"ಅರೆ, ಇದು ಕೈಯಲ್ಲಪ್ಪ, ಚಪ್ಪಲಿ ಚರ್ಮ. ಇದಕ್ಕೇನ್ ಬಿಸಿ ಗೊತ್ತಾಯ್ತದೆ? ಮೊಣಕೈ ಅದ್ದಿ ನೋಡು."

ಅಂದಿನಿಂದ ದಾದಿಮಾ ಮೇಷ್ಟ್ರು, ಅಪ್ಪ ವಿದ್ಯಾರ್ಥಿ. ಮನೆಯಲ್ಲಿ ಕುಂಬಳಕಾಯಿ ಹುಳಿ ತಿಂದು ತಿಂದು ನನಗೆ ವಾಕರಿಕೆ ಬಂತು.

ಮಗ ಹುಟ್ಟಿದ. ನನಗೆ ನೀರು ಹಾಕುವ ಕೆಲಸ ದಾದಿಮಾ ಅವರದು, ಮಿಕ್ಕಿದ್ದೆಲ್ಲ ಅಪ್ಪನದು. ಸಿದ್ದರಬೆಟ್ಟದ ಕಡೆಯಿಂದ ಲಕ್ಕಿಸೊಪ್ಪು ತಂದು ನೀರಿಗೆ ಹಾಕುತ್ತಿದ್ದ. ಮೆಣಸಿನ ಸಾರು ಕಾಯಿಸುತ್ತಿದ್ದ. ಗ್ರೀಸು ಹಿಡಿದ ಉಗುರುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯದೆ ಮಗುವನ್ನು ಮುಟ್ಟುತ್ತಿರಲಿಲ್ಲ. ನನಗೆಂದು ಡಬ್ಬದ ತುಂಬ ಅಂಟಿನುಂಡೆ ಕಟ್ಟಿದ, ನೋಡಲು ಬಂದವರಿಗೆಲ್ಲ ಹಂಚಿ ಡಬ್ಬ ಖಾಲಿ ಮಾಡಿದ, ನಾನು ಬೈದ ಮೇಲೆ ಮತ್ತೆ ಕಟ್ಟಿದ. ಪಕ್ಕದ ಬೀದಿಯ ಬಾಣಂತಿಗೂ ಕಳಿಸಿದನೆಂದು ಆಮೇಲೆ ಗೊತ್ತಾಯಿತು.

ಒಂದು ಬೆಳಿಗ್ಗೆ ಅತ್ತೆ ಮೊದಲ ಬಸ್ಸಿಗೇ ಬಂದಿಳಿದರು. ನಾನು ಕೋಣೆಯಿಂದ ಏಳುವಷ್ಟರಲ್ಲಿ ನೇರ ಬಚ್ಚಲ ಬಾಗಿಲಿಗೆ ಹೋಗಿದ್ದರು. ಒಳಗೆ ಅಪ್ಪ ಮಣೆಯ ಮೇಲೆ, ಮಗು ಕಾಲ ಮೇಲೆ. ಅಪ್ಪ ಅವರನ್ನು ನೋಡಿದ, ಗಾಬರಿಯಾದ, ಆದರೆ ಏಳುವ ಹಾಗಿಲ್ಲವಲ್ಲ. ಹಂಡೆಗೆ ಮೊಣಕೈ ಅದ್ದಿದ, ಒಂದಿಷ್ಟು ತಣ್ಣೀರು ಬೆರೆಸಿದ, ಮತ್ತೆ ಅದ್ದಿದ, ಆಮೇಲೆ ಮಗುವಿನ ಬೆನ್ನಿಗೆ ಹುಯ್ದ. ಮಗು ಒಂದು ಆಕಳಿಕೆ ತೆಗೆಯಿತು. ನಾನು ಚೀಲ ಕಟ್ಟಬೇಕೋ ಬೇಡವೋ ಎಂದು ನಿಂತಿದ್ದೆ. ಅತ್ತೆ ಬಗ್ಗಿ ನೀರಿಗೆ ಬೆರಳಿಟ್ಟು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟವೆಲ್ ಹಿಡಿದು ಅಪ್ಪನ ಪಕ್ಕ ಕೂತರು.

"ತಲೆಗಿನ್ನೊಂದ್ ಚೊಂಬು ಹುಯ್ರಿ ಬೀಗ್ರೇ. ಹುಡುಗೀಗೆ ತವರೈತೆ ಬುಡಿ."

ಆ ಹೊತ್ತು ನನಗಾದ ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಹೇಳಿದರೆ ಮಗ ಬೇಜಾರು ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲಿ.

ಆಮೇಲೆ ಅಪ್ಪನಿಗೆ ಊರೆಲ್ಲ ಬೇಡಿಕೆ. ದಾದಿಮಾ ಮಂಚ ಹಿಡಿದ ಮೇಲೆ ಬೀದಿಯ ಕೂಸುಗಳಿಗೆ ನೀರು ಹಾಕಲು ಅಪ್ಪನನ್ನೇ ಕರೆಯುತ್ತಿದ್ದರು. ಮೋಟಾರು ಬಿಚ್ಚಿಟ್ಟು ಎದ್ದು ಹೋಗುತ್ತಿದ್ದ. ರಜೆಗೆ ಹೋದಾಗ ನನ್ನ ಮಗ ಅವನ ಹಿಂದೆ ಟವೆಲ್ ಹಿಡಿದು ನಡೆಯುತ್ತಿದ್ದ. ನಾನಂತೂ ಸಣ್ಣಪುಟ್ಟ ನೆಪ ತೆಗೆದು ಎಲ್ಲ ಹಬ್ಬಕ್ಕೂ ಕೊರಟಗೆರೆಯಲ್ಲೇ ಇರುತ್ತಿದ್ದೆ.

ಹೋದ ವರ್ಷ ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ನಮ್ಮಲ್ಲಿ ಕೂರಿಸಿಯೇ ಕೊನೆಯ ಸ್ನಾನ ಮಾಡಿಸುವುದು. ಅಂಗಳದಲ್ಲಿ ಅದೇ ಮಣೆ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದರು. ಹೆಂಗಸರು ನನ್ನ ತಲೆ ಸವರುತ್ತಾ, ಇವತ್ತಿಗೆ ನಿನಗೆ ತವರು ಮುಗಿಯಿತಲ್ಲವ್ವ ಎಂದು ಅತ್ತರು.

ನೀರು ಹಾಕಲು ನನ್ನ ಮಗನನ್ನು ಕರೆದರು. ಈಗ ಅಪ್ಪನಿಗಿಂತ ಎತ್ತರ ಬೆಳೆದಿದ್ದಾನೆ. ಹಂಡೆಯ ಮುಂದೆ ನಿಂತವನು ಚೊಂಬು ಎತ್ತದೆ ಅಂಗಿಯ ತೋಳು ಮಡಚತೊಡಗಿದ. ಹಿರಿಯರೊಬ್ಬರು ಇನ್ನು ಅವರಿಗೆ ಬಿಸಿಯೇನು, ತಂಪೇನು, ಹುಯ್ಯಪ್ಪ ಎಂದರು. ಅವನು ಕೇಳಿಸಿಕೊಳ್ಳಲೇ ಇಲ್ಲ. ಬಗ್ಗಿ, ನೀರಿಗೆ ಮೊಣಕೈ ಅದ್ದಿ, ನನ್ನ ಕಡೆ ತಿರುಗಿದ.

"ಬಿಸಿ ಜಾಸ್ತಿ ಐತೆ ಕಣಮ್ಮ. ತಾತುಂಗೆ ಸುಡ್ತದೆ, ಒಂಚೂರು ತಣ್ಣೀರು ಕೊಡು."

ಒಳಗೆ ಹೋಗಿ ಬಿಂದಿಗೆ ತಂದು ಬೆರೆಸಿದೆ. ಅವನು ಮತ್ತೆ ಮೊಣಕೈ ಅದ್ದಿ ನೋಡಿ, ಆಮೇಲೆ ಹುಯ್ದ.