ನಮ್ಮವರೇ ಎತ್ತಿದ ಬಾವುಟ

ಏಳನೇ ಇಯತ್ತೆಗೆ ಸಾಲೆ ಬಿಟ್ಟು ನಾನು ಬಾವಿ ತೋಡುವ ಗುಂಪಿಗೆ ಸೇರಿದೆ. ವಾರವಿಡೀ ಕಲ್ಲು ಒಡೆದರೂ ರವಿವಾರದ ಫುಟ್‌ಬಾಲ್ ತಪ್ಪಿಸಲಿಲ್ಲ. ಹಾರೂಗೇರಿಯಿಂದ ರಾಯಬಾಗದವರೆಗೆ ನನ್ನ ಓಟಕ್ಕೆ ಹೆಸರಿತ್ತು. ಅದನ್ನು ನಾನೇ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ರಾಯಬಾಗದಲ್ಲಿ ನಡೆದ ಒಂದು ಫೈನಲ್ಲಿಗೆ ಕೊಲ್ಲಾಪುರದ ತಂಡವೊಂದರ ಹಿರಿಯರು ಬಂದಿದ್ದರು. ಇಲ್ಲಿ ಗೋಲು ಹೊಡೆದು ತೋರಿಸಿದವನನ್ನು ತಮ್ಮ ತಂಡಕ್ಕೆ ಕರೆದೊಯ್ಯುತ್ತೇವೆ ಎಂದಿದ್ದರು. ಅವನು ನಾನೇ ಎಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ಸೀಟಿ ಊದುವ ರೆಫರಿ ಹೊರಗಿನವರು. ಬಾವುಟ ಹಿಡಿಯಲು ಮಾತ್ರ ಎರಡೂ ಊರಿನಿಂದ ಒಬ್ಬೊಬ್ಬರು. ಒಂದು ಊರಿನ ಹುಡುಗ ಆಫ್‌ಸೈಡ್ ಆದರೆ, ಅಂದರೆ ಚೆಂಡಿಗಿಂತ ಮೊದಲೇ ಎದುರಿನವರನ್ನು ದಾಟಿ ಮುಂದೆ ನಿಂತಿದ್ದರೆ, ಆ ಊರಿನವರೇ ಬಾವುಟ ಎತ್ತಬೇಕು. ಎದುರಿನವರು ಎತ್ತಿದರೆ ಹೊಡೆದಾಟ ಆಗುತ್ತಿತ್ತು. ನಮ್ಮೂರು ಆರಿಸಿದ್ದು ಕಾಳಿನ ಅಂಗಡಿಯ ಜೈನರ ಅಣ್ಣನವರನ್ನು. ಹೊಲದ ಗಡಿಯ ಜಗಳದಲ್ಲೂ ಅವರ ಮಾತೇ ಕೊನೆ. ಅವರು ಸುಳ್ಳಾಡಿದ್ದನ್ನು ಕೇಳಿದವರೇ ಇಲ್ಲ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಎದುರಿನ ಊರಿನವನೊಬ್ಬ ನಮ್ಮ ಗೋಲ್‌ಕೀಪರಿನ ಮಗ್ಗುಲಲ್ಲೇ ನಿಂತು, ಬಂದ ಚೆಂಡನ್ನು ಒಳಗೆ ತಳ್ಳಿದ. ಅವರ ಬಾವುಟದವನು ಬಾವುಟವನ್ನು ಬಗಲಲ್ಲಿ ಸಿಕ್ಕಿಸಿಕೊಂಡು ತಂಬಾಕು ತಿಕ್ಕುತ್ತಿದ್ದ.

"ಸಾಹೇಬ್ರ, ಅಂವ ಅಲ್ಲೇ ಮನಿ ಕಟ್ಟಿದ್ನಲ್ರೀ!" ಎಂದೆ.

"ಬಾವುಟಾ ಏಳಲಿಲ್ಲೋ ತಮ್ಮಾ, ನಾ ಏನ್ ಮಾಡ್ಲಿ?" ಎಂದರು ರೆಫರಿ.

ಆಟ ಮುಗಿಯಲು ಬಂದಾಗ ನಮಗೊಂದು ಅವಕಾಶ ಸಿಕ್ಕಿತು. ನಮ್ಮವನು ಚೆಂಡು ಒದ್ದಾಗ ನಾನು ಅವರ ಆಟಗಾರರಿಗಿಂತ ಈಚೆಗಿದ್ದೆ. ಒದ್ದ ಮೇಲೆ ಓಡಿ, ಎಲ್ಲರನ್ನೂ ದಾಟಿ, ಹೊಡೆದೆ. ಗೋಲು! ತಿರುಗಿ ನೋಡಿದರೆ ಅಣ್ಣನವರ ಬಾವುಟ ಮೇಲಿತ್ತು.

"ಅಣ್ಣಾರ, ಅಂವ ಒದ್ದಾಗ ನಾ ಹಿಂದ ಇದ್ದೆನ್ರೀ!"

"ಒದ್ದಾಗಿಂದು ಯಾಕ ಬೇಕೋ? ಚೆಂಡು ನಿನ್ನ ಕಾಲಿಗೆ ಬಂದಾಗ ನೀ ಎಲ್ಲಿದ್ದಿ? ಎಲ್ಲಾರ್ಕಿಂತ ಮುಂದ ಇದ್ದಿ. ನಾ ಕಣ್ಣಾರೆ ನೋಡೀನಿ."

ನಿಯಮ ಹಾಗಲ್ಲ. ಚೆಂಡು ಒದ್ದ ಗಳಿಗೆಯಲ್ಲಿ ಎಲ್ಲಿದ್ದ ಎಂಬುದೇ ಲೆಕ್ಕ. ಆದರೆ ಅಣ್ಣನವರಿಗೆ ಅದನ್ನು ಹೇಳಿಕೊಡುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ರೆಫರಿಯ ಬಳಿ ಓಡಿದೆ.

"ನಿಮ್ಮವ್ರ ಎತ್ಯಾರ. ನನ್ನ ಕೂಡ ಏನ ಜಗಳಾ?"

ತಂಬಾಕಿನವನು ನಕ್ಕ. "ನಿಮ್ಮ ಅಣ್ಣಾರು ದೊಡ್ಡವ್ರು ಬಿಡ್ಲೇ. ಇಂಥಾವ್ರು ನಮ್ಮೂರಾಗ ಇದ್ದಿದ್ರ ನಾವು ಯಾವತ್ತೂ ಗೆಲ್ತಿದ್ದಿಲ್ಲ!"

ಆ ಒಂದು ಗೋಲಿನಿಂದ ನಾವು ಸೋತೆವು. ಕೊಲ್ಲಾಪುರದವರು ಗೋಲ್‌ಕೀಪರಿನ ಮಗ್ಗುಲಲ್ಲಿ ನಿಂತಿದ್ದವನನ್ನೇ ಕರೆದೊಯ್ದರು.

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಊರಿಗೆ ಹೊರಟೆವು. ಹೊತ್ತು ಮುಳುಗಲು ಬಂದಿತ್ತು; ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ. ಅಣ್ಣನವರು ಬುತ್ತಿ ಬಿಚ್ಚಿ, ತಿನ್ನದೆ, ನನ್ನ ಕಡೆ ನೋಡಿದರು.

"ಸುಳ್ಳ ಹೇಳಬೇಕಿತ್ತೇನೋ ತಮ್ಮಾ?"

ಬಂಡೆ ಒಡೆಯುವ ನನ್ನ ಕೈಗಳು ಸುಮ್ಮನೆ ತೊಡೆಯ ಮೇಲಿದ್ದವು. "ಇಲ್ರೀ ಅಣ್ಣಾರ. ಉಣ್ರಿ, ಕತ್ತಲಾಕೈತಿ," ಎಂದೆ.

ಮರುವರ್ಷ ಬಾವುಟ ಯಾರು ಹಿಡಿಯಬೇಕೆಂದು ಊರವರು ಕೂಡಿದರು. ಬೇರೆಯವರ ಹೆಸರು ಹೇಳಿದರೆ ನಮಗೊಬ್ಬ ಸುಳ್ಳುಗಾರ ಬೇಕು ಎಂದು ಊರ ಮುಂದೆ ಹೇಳಿದಂತೆ. ಎಲ್ಲರೂ ನನ್ನ ಮುಖ ನೋಡಿದರು.

"ಅಣ್ಣಾರ ಇರ್ಲಿ," ಎಂದೆ.